ಅಮ್ಮನ ಸವತಿ

“ಯಾವುದಾದ್ರೂ ಒಂದು ಪ್ಲಗ್ ಬಿಡಿಸಿ ಕೊಡಿಮ್ಮಾ, ಬೇಗ!” ಎಂದು ಐಸ್ ಪೆಟ್ಟಿಗೆ ತಂದವನು ನಡುಮನೆಯಿಂದ ಕೂಗಿದ. ಮಗಳು ಮೇಜಿನ ಕೆಳಗೆ ತೂರಿ, ಕೈಗೆ ಸಿಕ್ಕ ದಪ್ಪ ವೈರನ್ನು ಕಿತ್ತಳು. ಗುಂಯ್ ಎನ್ನುತ್ತಿದ್ದ ಸದ್ದೊಂದು ನಿಂತಿತು. ತೀರಿಕೊಂಡ ಅಪ್ಪನನ್ನು ನೆಲದ ಮೇಲೆ ಮಲಗಿಸಿರುವಾಗ ಅದರ ಪರಿವೆ ಯಾರಿಗೆ?

ಮಧ್ಯಾಹ್ನ ಚಿಕ್ಕಪ್ಪ ಬಂದರು. ಪೆಟ್ಟಿಗೆಯ ಗಾಜಿಗೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತರು. ಆಮೇಲೆ ಮೂಗೊರೆಸಿಕೊಂಡು, “ಗೋಡೆಗೆ ಹಾಕೋಕೆ ಒಂದು ಫೋಟೋ ಬೇಕಲ್ಲಮ್ಮಾ. ಅತ್ತಿಗೆ ಜೊತೆ ನಗ್ತಾ ಇರೋದು ಇದ್ಯಾ?” ಎಂದರು.

“ಎಲ್ಲಾ ಇದೆ ಚಿಕ್ಕಪ್ಪ.” ಮಗಳು ಫೋನ್ ತೆರೆದಳು. ಫೋಟೋಗಳಿದ್ದ ಕಡೆ ಬರೀ ಬೂದು ಚೌಕಗಳು. ಸಂಪರ್ಕ ಇಲ್ಲ ಎಂದಿತು ಫೋನು. ತಾನು ಕಿತ್ತದ್ದು ಯಾವ ವೈರೆಂದು ಆಗ ಅವಳಿಗೆ ಹೊಳೆಯಿತು.

*

ಮೂವತ್ತೆರಡು ವರ್ಷ ಟೈಪಿಸ್ಟಾಗಿದ್ದ ಅಪ್ಪನಿಗೆ ನಿವೃತ್ತಿಯಾದ ಮೇಲೆ ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯ ಹುಚ್ಚು ಹಿಡಿಯಿತು. ಗುಜರಿಗೆ ಹೋಗಬೇಕಿದ್ದ ಡೆಸ್ಕ್‌ಟಾಪಿನಲ್ಲಿ, ಮನೆಯವರ ಫೋಟೋ, ದನಿಗಳನ್ನೆಲ್ಲ ಕೂಡಿಟ್ಟು ಫೋನಿಗೆ ಕಳಿಸುವ, ಪುಕ್ಕಟೆ ಸಿಗುವ ಓಪನ್ ಸೋರ್ಸ್ ಕ್ಲೌಡನ್ನು ಕೂರಿಸಲು ವಾರವಿಡೀ ಒದ್ದಾಡಿದರು. ಒಂದು ಸಾಲು ತಪ್ಪಿದರೆ ಮತ್ತೆ ಮೊದಲಿಂದ.

“ನಮ್ಮನೆ ಫೋಟೋ ಯಾವನದೋ ಕಂಪನೀಲಿ ಯಾಕಿರ್ಬೇಕು? ನಮ್ಮ ಮೇಜಿನ ಕೆಳಗೇ ಇರ್ಲಿ.”

“ಮೂರು ಹೊತ್ತೂ ಅದರ ಮುಂದೇನೇ. ನಂಗೆ ಸವತಿ ತಂದಿದಾರೆ ಕಣೇ ನಿಮ್ಮಪ್ಪ,” ಎಂದು ಅಮ್ಮ ಗೊಣಗಿದಳು.

ಕಳ್ಳ ಹೊತ್ತೊಯ್ದರೂ ಏನೂ ಸಿಗಬಾರದೆಂದು ಅಪ್ಪ ಡಿಸ್ಕಿಗೇ ಬೀಗ ಹಾಕಿದರು. ಯಂತ್ರ ಆರಿ ಮತ್ತೆ ಹೊತ್ತಿದರೆ, ಮೂವತ್ತು ಅಕ್ಷರದ ಪಾಸ್‌ವರ್ಡ್ ಕುಟ್ಟದೆ ತೆರೆಯದು.

“ಅದೇನು ಅಂತ ಬರ್ದಿಡಿ ಅಪ್ಪಾ.”

“ಬಾಯಲ್ಲಿ ಕೇಳಿದ್ರೆ ಬರಲ್ಲ ಮಗಳೇ. ಕೀಬೋರ್ಡ್ ಮೇಲೆ ಕೈಯಿಟ್ರೆ ಬೆರಳು ತಾನೇ ಹೊಡೆಯುತ್ತೆ.” ಕಣ್ಣು ಮುಚ್ಚಿ ಹೊಡೆದು ತೋರಿಸಿ, ಬೀಗುತ್ತಾ ನಕ್ಕರು.

ಆ ನಂಬಿಕೆಯಲ್ಲಿ ಮಗಳು ಫೋನಿನಲ್ಲಿದ್ದುದನ್ನೆಲ್ಲ ಅದಕ್ಕೆ ಸೇರಿಸಿ, ಫೋನಿನಿಂದ ಅಳಿಸಿದಳು. ಎರಡು ವರ್ಷದ ಹಿಂದೆ ಅಮ್ಮ ತೀರಿಕೊಂಡಾಗ ಅವಳ ದನಿ ಉಳಿದದ್ದು ಸವತಿಯ ಹೊಟ್ಟೆಯಲ್ಲಿ ಮಾತ್ರ. “ಗೇಟ್ ಹಾಕಿದ್ಯಾ? ತಲುಪಿದ್ ಕೂಡ್ಲೇ ಫೋನ್ ಮಾಡು.” ಅಷ್ಟನ್ನೇ ಮಗಳು ದಿನಾ ಕೇಳುತ್ತಿದ್ದಳು.

*

ಮಗಳು ಯಂತ್ರವನ್ನು ಅಡುಗೆಮನೆಗೆ ಎಳೆದೊಯ್ದು ಹಚ್ಚಿದಳು. ಕಪ್ಪು ಪರದೆ ಪಾಸ್‌ವರ್ಡ್ ಕೇಳಿತು. ಅಮ್ಮನ ಹೆಸರು ಹೊಡೆದಳು, ತಪ್ಪು. ಮದುವೆಯ ದಿನಾಂಕ, ಅದೂ ತಪ್ಪು.

“ಅಂಗಡಿಗೆ ಕೊಟ್ರೆ ಬಿಚ್ಚಿ ಕೊಡಲ್ವಾ?” ಎಂದರು ಚಿಕ್ಕಪ್ಪ.

“ಯಾರೂ ಬಿಚ್ಚಬಾರ್ದು ಅಂತಾನೇ ಅಲ್ವಾ ಅಪ್ಪ ಬೀಗ ಹಾಕಿದ್ದು.” ಅವಳು ಕೀಬೋರ್ಡನ್ನು ದೂರ ತಳ್ಳಿದಳು. “ನನ್ನ ಕೈಯಾರೆ ಕಿತ್ತೆ ಚಿಕ್ಕಪ್ಪ. ಒಂದೇ ದಿನ ಇಬ್ಬರನ್ನೂ ಕಳಕೊಂಡೆ.”

ಚಿಕ್ಕಪ್ಪ ಅವಳ ತಲೆ ಸವರಿದರು. ಅಷ್ಟರಲ್ಲಿ ಹೊರಗಿನಿಂದ ಯಾರೋ, “ಗಾಡಿ ಬಂತು,” ಎಂದರು.

ಪೆಟ್ಟಿಗೆಯ ಗಾಜು ಸರಿಸಿದರು. ಎತ್ತುವವರು ಸುತ್ತ ನಿಂತರು.

“ಒಂದ್ನಿಮಿಷ,” ಎಂದಳು ಮಗಳು. ಅಪ್ಪನ ಪಕ್ಕ ಕೂತು, ತುಸು ಬಾಗಿಯೇ ಇದ್ದ ಆ ತಣ್ಣನೆಯ ಬೆರಳುಗಳ ಕೆಳಗೆ ತನ್ನ ಅಂಗೈಯನ್ನು ಕೀಬೋರ್ಡಿನಂತೆ ಬಿಡಿಸಿ ಹಿಡಿದು, ಕಾದಳು.