ಬಲಮಂಡಿಯ ವರದಿ

ಹೆಬ್ಬೆರಳ ಕೆಳಗೆ ಕರಕರ, ಮರಳು ಬಿದ್ದ ಬೀಗದೊಳಗೆ ಕೀಲಿ ತಿರುಗಿಸಿದ ಹಾಗೆ — ಫಿಸಿಯೋ ಕೈ ತೆಗೆದ, ಮತ್ತೆ ಇಟ್ಟ, ಬೆರಳೇ ಸುಳ್ಳು ಹೇಳ್ತಿರಬಹುದು, ಐವತ್ತೊಂದು ವರ್ಷದ ಬೆರಳು, ಅದಕ್ಕೂ ಒಂದು ನೋವು ಗೀವು ಇರಬಾರದೇ, ಮಡಚು, ಬಿಡು, ಇನ್ನೊಂದ್ಸಲ ಮಡಚು, ಕರಕರ ಅಲ್ಲೇ ಇದೆ, ಎಡಮಂಡಿಯ ಚಿಪ್ಪಿನ ಹಿಂದೆ, ಬಾಡಿಗೆ ಮನೆ ಬಿಡದವನ ಹಾಗೆ ಕಾಲು ಚಾಚಿ ಕೂತಿದೆ, ಮೇಜಿನ ಮೇಲೆ ಮಲಗಿದವನು ಮಾತ್ರ ಏನೂ ಕೇಳಿಸದವನಂತೆ ಸೂರು ನೋಡ್ತಿದ್ದಾನೆ, ಸೂರು ಅಂದರೆ ಸ್ಟೇಡಿಯಂ ಗ್ಯಾಲರಿಯ ತಳ, ಇಳಿಜಾರಾಗಿ ಬಂದು ಈ ಕೋಣೆಯ ಮೂಲೆಯಲ್ಲಿ ತಲೆಗೆ ತಾಗುತ್ತೆ, ಇಪ್ಪತ್ತೆರಡು ವರ್ಷದಿಂದ ಅದಕ್ಕೆ ತಲೆ ಬಡಿದುಕೊಂಡರೂ ತಲೆಯೊಳಗೆ ಏನೂ ಇಳಿದಿಲ್ಲ, ಈ ಫಿಸಿಯೋನ ತಲೆ ಹಾಗೆ, ಮಲಗಿದವನ ಮಂಡಿ ಹೀಗೆ. ಗಾಳಿ ಅಂತ ಜನ ಇಟ್ಟ ಹೆಸರು, ಹದಿನೇಳು ವರ್ಷದ ಕೆಳಗೆ ಇದೇ ಫುಟ್‌ಬಾಲ್ ತಂಡಕ್ಕೆ ಎಡಬದಿಯಿಂದ ನುಗ್ಗಿ ಬಂದನೆಂದರೆ ಎದುರಿನವರು ಅಂಗಿ ಹಿಡಿಯಬೇಕಿತ್ತು, ಅಂಗಿಯೂ ಸಿಗುತ್ತಿರಲಿಲ್ಲ, ಈಗ ಮೂವತ್ತೆಂಟು, ತಿರುಗಿ ಬಂದಿದ್ದಾನೆ, ಹೋದ ತಿಂಗಳು ಗಾಳಿಸುದ್ದಿಯಾಗಿದ್ದು ಈ ತಿಂಗಳು ಗೋಡೆಗೋಡೆಯ ಪೋಸ್ಟರು, ಗಾಳಿ ಮತ್ತೆ ಬೀಸಲಿದೆ, ಬಸ್ಸಿನ ಹಿಂದೆ, ಸೇತುವೆ ಕೆಳಗೆ, ಶೌಚಾಲಯದ ಗೋಡೆಗೂ ಅಂಟಿಸಿದ್ದಾರೆ, ಅಲ್ಲಿ ಆ ಮಾತಿಗೆ ಬೇರೆಯೇ ಅರ್ಥ ಬರುತ್ತೆ ಅಂತ ಯಾರಿಗೂ ಹೊಳೆದಿಲ್ಲ. ನಾಲ್ಕು ಗಂಟೆಗೆ ಮೇಲೆ ಪತ್ರಿಕಾಗೋಷ್ಠಿ, ಈಗ ಮೂರೂ ಹತ್ತು, ಫಾರಂ ಪಕ್ಕದ ಸ್ಟೂಲಿನ ಮೇಲಿದೆ, ಆಟಗಾರ ಆಡಲು ಯೋಗ್ಯ, ಕೆಳಗೊಂದು ಖಾಲಿ ಗೆರೆ, ಆ ಗೆರೆಯ ಮೇಲೆ ಇವನ ಸಹಿ ಬೀಳದೆ ಒಪ್ಪಂದ ಆಗೋ ಹಾಗಿಲ್ಲ, ತಂಡಕ್ಕೆ ಡಾಕ್ಟರಂತ ಬೇರೆ ಇಲ್ಲ, ಮಂಡಿ ನೋಡೋನೂ ಇವನೇ, ಮಂಡಿಯಲ್ಲಿ ಮಾಲು ನೋಡೋ ಹಾಗೆ ನೋಡಿ ತೂಕ ಹೇಳೋನೂ ಇವನೇ, ಫಾರಂಗೆ ಸ್ಕ್ಯಾನಿಂಗ್ ಸೆಂಟರಿನ ವರದಿ ಪಿನ್ನು ಹೊಡೆದಿದೆ, ಮೃದ್ವಸ್ಥಿ ಸುಸ್ಥಿತಿಯಲ್ಲಿದೆ, ವಯಸ್ಸಿಗೆ ಹೋಲಿಸಿದರೆ ಅಸಾಧಾರಣ — ಅಸಾಧಾರಣವೇ, ಹಾಗಾದರೆ ಈ ಕರಕರ ಯಾವನದು, ಅಂತ ಇವನು ಹಾಳೆ ತಿರುಗಿಸಿ, ಕನ್ನಡಕ ಏರಿಸಿ, ಮೇಲಿನ ಮೂಲೆಯಲ್ಲಿ ಇರುವೆ ಸಾಲಿನಂಥ ಅಕ್ಷರ ಓದಿದ. ಬಲ ಮಂಡಿ.

ಬಲ. ಬಲ ಅಂದರೆ ಬಲ, ಎಡ ಅಲ್ಲ, ಇದನ್ನ ಒಂದನೇ ಕ್ಲಾಸಲ್ಲೇ ಹೇಳಿಕೊಟ್ಟಿದ್ದರು, ಕೆಡದೇ ಇರೋ ಮಂಡಿಯನ್ನ ಸ್ಕ್ಯಾನ್ ಮಾಡಿ ಅದು ಕೆಟ್ಟಿಲ್ಲ ಅಂತ ಬರೆದುಕೊಟ್ಟಿದ್ದಾರೆ, ಸತ್ಯವನ್ನೇ ಬರೆದಿದ್ದಾರೆ ಪಾಪ — ನಿನ್ನೆ ಹೇಗಾಯ್ತು, ನಿನ್ನೆ ಇವನೂ ಅಲ್ಲಿದ್ದನಲ್ಲ, ತಣ್ಣಗಿನ ಕೋಣೆ, ದೊಡ್ಡ ಬಿಳಿ ಯಂತ್ರ, ಕಬ್ಬಿಣದ ಸಾಮಾನು ಒಳಗೆ ತರೋ ಹಾಗಿಲ್ಲ ಅಂತ ಟೆಕ್ನಿಷಿಯನ್ನು ಫೋಟೋಗ್ರಾಫರನ್ನ ಬಾಗಿಲಲ್ಲೇ ತಡೆದ, ಗಾಳಿ ಎಡಗಾಲನ್ನ ಆ ಪ್ಲಾಸ್ಟಿಕ್ ತೊಟ್ಟಿಲಿನಲ್ಲಿಟ್ಟು ಮಲಗಿದ್ದ, ಸರಿಯಾಗೇ ಮಲಗಿದ್ದ, ಆಗ ಪ್ರಚಾರದ ಮೇಡಂ ಬಾಗಿಲಿಂದ ಕತ್ತು ಚಾಚಿ, ಅಯ್ಯೋ ಆ ಹೊಲಿಗೆ ಗುರುತು ಜರಿಹುಳದ ಥರ ಕಾಣ್ತಿದೆ, ಬೇಡಪ್ಪ, ಇನ್ನೊಂದು ಕಾಲಿಡ್ಲಿ, ಫೋಟೋ ಆದ್ಮೇಲೆ ಬದಲಾಯಿಸಿದ್ರಾಯ್ತು. ಬದಲಾಯಿಸಿದ್ರಾಯ್ತು. ಆಮೇಲೆ ಮುಖಕ್ಕೆ ಬೆಳಕು ಸಾಲದು ಅಂತ ಒಂದು ಥರ್ಮಾಕೋಲ್ ಹಾಳೆ ಬಂತು, ಹಿಡಿಯೋದಕ್ಕೆ ಯಾರು, ನಾನು ಹಿಡೀತೀನಿ ಮೇಡಂ, ಅಂದಿದ್ದು ಯಾರು, ಇವನೇ, ಇಪ್ಪತ್ತೆರಡು ವರ್ಷ ನೋವಿನ ಎಣ್ಣೆ ಹಚ್ಚಿದ ಕೈಗೆ ಬೆಳಕು ಹಿಡಿಯೋ ಕೆಲಸ ಸಿಕ್ಕಿತಲ್ಲ, ಕುಣಿಯುತ್ತಾ ಹಿಡಿದ, ಸ್ವಲ್ಪ ಮೇಲೆ ಸಾರ್, ಸ್ವಲ್ಪ ಓರೆ ಸಾರ್, ಗಾಳಿ ಹೆಬ್ಬೆರಳು ಎತ್ತಿದ, ಹಲ್ಲು ಬಿಟ್ಟ, ಕ್ಲಿಕ್ಕು, ಕ್ಲಿಕ್ಕು, ಅಷ್ಟಾದ ಮೇಲೆ ಕಾಲು ಬದಲಾಯಿಸಿ ಅಂತ ಒಂದು ಮಾತು ಹೇಳಬೇಕಿದ್ದವನು ಏನು ಮಾಡಿದ, ಥರ್ಮಾಕೋಲ್ ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಓಡಿದ, ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಇಣುಕಿದ, ನನ್ನ ಮೊಣಕೈ ಬಂದಿದೆಯಾ ನೋಡಿ, ಬಂದಿತ್ತು, ಅರ್ಧ ಮೊಣಕೈ, ಕತ್ತರಿಸ್ತೀವಿ ಬಿಡಿ ಸಾರ್ ಅಂದರು, ಅಷ್ಟರಲ್ಲಿ ಹಿಂದೆ ಬಾಗಿಲು ಮುಚ್ಚಿಕೊಂಡಿತು, ಯಂತ್ರ ಡಗಡಗ ಬಡಿಯೋಕೆ ಶುರು ಮಾಡಿತು, ಟೆಕ್ನಿಷಿಯನ್ನು ಯಾವ ಕಾಲು ಕಂಡಿತೋ ಅದರ ಚಿತ್ರ ತೆಗೆದ, ಅವನದೇನು ತಪ್ಪು, ತಪ್ಪೆಲ್ಲ ಆ ಅರ್ಧ ಮೊಣಕೈಯದ್ದು. ರಾತ್ರಿಯೊಳಗೆ ಆ ಫೋಟೋ ಊರಿಗೆಲ್ಲ ಹೋಗಿತ್ತು, ಅಡಿಬರಹ ಮೂವತ್ತೆಂಟರಲ್ಲೂ ಇಪ್ಪತ್ತೈದರ ಮಂಡಿ, ಬೆಳಗಾಗುವಷ್ಟರಲ್ಲಿ ಅದೂ ಪೋಸ್ಟರಾಯಿತು, ಜರ್ಸಿ ಅಂಗಡಿಯ ಮುಂದೆ ಬೆಳಗ್ಗೆಯಿಂದ ಸಾಲು, ಬೆನ್ನ ಮೇಲೆ ಹನ್ನೊಂದು, ಗಾಳಿ, ಇನ್ನೂ ತಂಡಕ್ಕೆ ಸೇರದ ಆಟಗಾರನ ಅಂಗಿ ತೊಟ್ಟುಕೊಂಡು ಎಷ್ಟೋ ಜನ ಆಗಲೇ ಊರು ಸುತ್ತುತ್ತಿದ್ದಾರೆ.

ಗೊತ್ತಿತ್ತಾ ನಿನಗೆ, ಅಂತ ಕೇಳಿಯೇಬಿಟ್ಟ, ದನಿ ತಗ್ಗಿಸಿ, ಮೇಜಿಗೆ ಬಾಗಿ, ಮತ್ತೆ ಕಾಲು ಬದಲಾಯಿಸಲಿಲ್ಲ ಅಂತ ಗೊತ್ತಿತ್ತಾ, ಗಾಳಿ ಸೂರಿನಿಂದ ಕಣ್ಣು ತೆಗೆಯದೆ, ಹ್ಞೂಂ ಅಣ್ಣ, ಅಂದ. ಹೇಳೋಕೇನಾಗಿತ್ತು. ಯಾರೂ ಕೇಳ್ಲಿಲ್ಲ. ಯಾರೂ ಕೇಳ್ಲಿಲ್ವಂತೆ, ಎಂಥ ಮಾತು, ನಗು ಬರಬೇಕು, ಬರಲ್ಲ, ಏಳು ವರ್ಷದ ಕೆಳಗೆ ಬೇರೆ ತಂಡದಲ್ಲಿದ್ದಾಗ ಆಪರೇಷನ್ ಮಾಡಿದ ಡಾಕ್ಟರು ಏನಂದಿದ್ದರು, ಫೋನಲ್ಲಿ ಇವನಿಗೆ ತಿಳಿಸಿದ್ದೇ ಗಾಳಿ, ಅಳುತ್ತಾ, ಇನ್ನೊಂದ್ಸಲ ತಿರುಚಿದರೆ ಆಟ ಅಲ್ಲ ಅಣ್ಣ, ನಡಿಗೆನೇ ಹೋಗುತ್ತಂತೆ, ಅದಾದ ಮೇಲೂ ಎಲ್ಲೆಲ್ಲೋ ಆಡಿದ, ಚಿಕ್ಕ ಚಿಕ್ಕ ತಂಡ, ಕೊನೇ ಹತ್ತು ನಿಮಿಷ, ಆಮೇಲೆ ಅದೂ ಇಲ್ಲ, ಮೂರು ವರ್ಷ ಸುಮ್ಮನೆ. ಲೇ, ಒಂದು ಕಾಲು ಹೋದರೆ ಉಳಿಯೋದು ಕಾಲು ಆಟಗಾರ, ಲೆಕ್ಕ ಬರುತ್ತಾ ನಿನಗೆ, ಅಂದ ಇವನು, ಗಾಳಿ ನಕ್ಕ, ಹಳೇ ಡ್ರೆಸ್ಸಿಂಗ್ ರೂಮಿನ ನಗು, ಗೋಲು ಹೊಡೆಯೋ ಕಾಲದಲ್ಲೂ ನಿಂದು ಇದೇ ಗೋಳು ಅಣ್ಣ, ಅಂದ, ಆಮೇಲೆ ನಗು ತಾನಾಗಿ ಒಣಗಿ, ನೋಡಣ್ಣ, ಆಟ ಬಿಟ್ಟ ಮೇಲೆ ಯಾರೂ ನನ್ನ ಗಾಳಿ ಅನ್ನಲಿಲ್ಲ, ಹೆಸರು ಹಿಡಿದು ಕರೀತಾರೆ, ಬ್ಯಾಂಕಲ್ಲಿ, ಕ್ಲಿನಿಕ್ಕಲ್ಲಿ, ಮಾವನ ಮನೇಲಿ, ಪ್ರತಿ ಸಲ ಹಿಂದೆ ತಿರುಗಿ ನೋಡ್ತೀನಿ, ಬೇರೆ ಯಾರನ್ನೋ ಕರೀತಿದಾರೆ ಅನ್ಸುತ್ತೆ, ನಿನ್ನೆ ಆ ಸ್ಕ್ಯಾನಿಂಗ್ ಸೆಂಟರ್ ಹೊರಗೆ ಒಂದು ಮುದುಕಿ, ಹಲ್ಲಿಲ್ಲ, ಗಾಳೀ ಅಂದಳು ಅಣ್ಣ. ಅಷ್ಟಕ್ಕೇನಾ. ಅಷ್ಟಕ್ಕೇ. ತಿರುಚಿದರೆ. ತಿರುಚದೇ ಇದ್ದರೆ. ಬೂಟಿನ ಮೊಳೆ ಹುಲ್ಲಲ್ಲಿ ಕಚ್ಚಿಕೊಳ್ಳುತ್ತೆ, ಮೈ ತಿರುಗುತ್ತೆ, ಮಂಡಿ ತಿರುಗಲ್ಲ, ಟಕ್ಕಂತ ಒಂದು ಸದ್ದು, ಗ್ಯಾಲರಿಯ ಕೊನೇ ಸಾಲಿಗೂ ಕೇಳಿಸುತ್ತೆ ಆ ಸದ್ದು, ಇವನು ನಾಲ್ಕು ಸಲ ಕೇಳಿದ್ದಾನೆ, ಐಸ್ ಡಬ್ಬಿ ಹಿಡಿದು ಮೈದಾನಕ್ಕೆ ಓಡಿದ್ದಾನೆ, ಓಡುವಾಗಲೇ ಗೊತ್ತಿರುತ್ತೆ ಐಸಿಗೆ ಅಲ್ಲಿ ಮಾಡೋಕೆ ಏನೂ ಕೆಲಸ ಇಲ್ಲ ಅಂತ. ಸಹಿ ಹಾಕಣ್ಣ, ಅಂದ ಗಾಳಿ, ನಿನ್ನ ಕೈಯಲ್ಲೇ ಹಾಕಿಸ್ಕೋಬೇಕು ಅಂತ ಬಂದಿದೀನಿ, ಇನ್ನೊಬ್ಬ ಆಗಿದ್ರೆ ಮಂಡಿ ಮುಟ್ಟಿ ನೋಡ್ತಲೂ ಇರ್ಲಿಲ್ಲ.

ಕೋಚ್‌ಗೆ ಹೇಳೋಣ, ಹೇಳಲೇಬೇಕು, ಫಾರಂ ಹಿಡಿದು ಕಾರಿಡಾರಿಗೆ ಬಂದ, ಕೋಚ್ ನೀರಿನ ಯಂತ್ರದ ಹತ್ತಿರ ನಿಂತು ಪ್ಲಾಸ್ಟಿಕ್ ಲೋಟ ಕಚ್ಚುತ್ತಿದ್ದ, ಸಾರ್, ಸ್ಕ್ಯಾನ್ ಆಗಿರೋದು ಬಲಗಾಲು, ಕೋಚ್ ಕಚ್ಚೋದು ನಿಲ್ಲಿಸಿದ, ಕಾರಿಡಾರಿನ ಆ ತುದಿ ನೋಡಿದ, ಈ ತುದಿ ನೋಡಿದ, ನಾನು ಕೇಳಿದ್ದು ಗಟ್ಟಿ ಡಿಫೆಂಡರು, ಸಿಕ್ಕಿದ್ದು ಕಟೌಟು, ನನ್ನ ಕೇಳಿ ತಂದ್ರೇನಪ್ಪ ಇವನನ್ನ, ಪೋಸ್ಟರ್ ನೋಡಿ ನನಗೆ ಗೊತ್ತಾಗಿದ್ದು, ಹಾಗಂತ ಮೇಲೆ ಹೇಳಿ ಸಾರ್, ಅಂದ ಇವನು, ಎರಡು ದಿನ ಮುಂದೆ ಹಾಕಲಿ, ಎಡಗಾಲು ಸ್ಕ್ಯಾನ್ ಮಾಡಿಸೋಣ. ಮಾಡಿಸಿದ್ರೆ ಏನು ಬರುತ್ತೆ ಅಂತ ನಿನಗೆ ಗೊತ್ತು, ನನಗೆ ಗೊತ್ತು, ಮೇಡಂಗೂ ಗೊತ್ತಾಗುತ್ತೆ, ಆಮೇಲೆ ಆ ಇಪ್ಪತ್ತೈದರ ಮಂಡಿ ಪೋಸ್ಟರನ್ನ ಯಾರು ನೆಕ್ಕಿ ಕೀಳ್ತಾರೆ. ಕೊನೇ ಇಪ್ಪತ್ತು ನಿಮಿಷ ಇಳಿಸ್ತೀನಿ ಕಣಯ್ಯ, ಚೆಂಡು ಅವನ ಕಡೆ ಹೋಗದ ಹಾಗೆ ನೋಡ್ಕೊಳ್ತೀನಿ, ಅಂತ ಕೋಚ್ ಲೋಟ ಹಿಂಡಿ ಬುಟ್ಟಿಗೆ ಎಸೆದ, ಬುಟ್ಟಿಗೆ ಬೀಳಲಿಲ್ಲ, ನೀನು ಬೇಡ ಅಂತ ಬರೆದ್ರೆ ನಿನ್ನ ಹಿಂದೆ ನಾನಿದೀನಿ. ಹಿಂದೆ. ಮುಂದೆ ಬರ್ತೀನಿ ಅಂತ ಅನ್ಕೋಬೇಡ. ಚೆಂಡು ಹೋಗದ ಹಾಗೆ ನೋಡ್ಕೊಳ್ತಾನಂತೆ, ಗಾಳಿಯ ಕಡೆಗೆ ಚೆಂಡು ಹೋಗದ ಹಾಗೆ, ಅದಕ್ಕೆ ಅಂತ ತಂದಿರೋದು, ಇವನು ಕೋಚ್‌ನ ದನಿಯನ್ನ ಮನಸ್ಸಲ್ಲೇ ಹೇಳಿ ನೋಡಿದ, ಆ ಮೂಗಿನ ಎಳೆತ, ಆ ಕಣಯ್ಯ, ಚೆನ್ನಾಗಿ ಬಂತು, ಎಲ್ಲರದೂ ಬರುತ್ತೆ ಇವನಿಗೆ, ಬಸ್ಸಲ್ಲಿ ದೂರದ ಪಂದ್ಯಕ್ಕೆ ಹೋಗುವಾಗ ಹುಡುಗರು ಕ್ಲಬ್ಬಿನ ಅಧ್ಯಕ್ಷರ ದನಿ ಮಾಡಿ ಸಾರ್ ಅಂತ ಗೋಗರೆಯುತ್ತಾರೆ, ರೆಫ್ರಿಯದು ಬೇರೆ, ಮನೆಯಲ್ಲಿ ಅತ್ತೆಯದು ಬೇರೆ, ಹೆಂಡತಿ ಒಂದು ದಿನ ಪಾತ್ರೆ ಒರೆಸುತ್ತಾ ಕೇಳಿದ್ದಳು, ಎಲ್ಲರ ಥರ ಮಾತಾಡ್ತೀರಲ್ಲ, ನಿಮ್ಮ ಥರ ಮಾತಾಡಿದ್ದು ಯಾವಾಗ ಕೊನೇ ಸಲ. ಆವತ್ತು ಉತ್ತರವಾಗಿ ಅವಳದೇ ದನಿ ತೆಗೆದಿದ್ದ, ಅವಳು ನಕ್ಕಿರಲಿಲ್ಲ.

ಮೂರೂ ಐವತ್ತು, ಹೊರಡಿ ಹೊರಡಿ, ಗಾಳಿ ಹೊಸ ಜರ್ಸಿ ಹಾಕಿಕೊಂಡು ಮುಂದೆ, ಇವನು ಸಹಿಯಿಲ್ಲದ ಫಾರಂ ಹಿಡಿದು ಹಿಂದೆ, ಪತ್ರಿಕಾಗೋಷ್ಠಿಯ ಹಾಲಿಗೆ ಇಪ್ಪತ್ತಾರು ಮೆಟ್ಟಿಲು, ಯಾರೂ ನೋಡ್ತಿಲ್ಲ ಅಂದುಕೊಂಡು ಗಾಳಿ ಕಂಬಿ ಹಿಡಿದ, ಬಲಗಾಲು ಮೇಲಿಟ್ಟ, ಎಡಗಾಲನ್ನ ಎಳೆದು ಅದರ ಪಕ್ಕ ತಂದ, ತಂದು ಇಡುವ ಮುಂಚೆ ಪಾದ ಒಂದು ಗಳಿಗೆ ಮೆಟ್ಟಿಲ ಮೇಲೆ ತೂಗಿತು, ತಣ್ಣೀರು ಎಷ್ಟು ಕೊರೆಯುತ್ತೆ ಅಂತ ನೋಡೋ ಹಾಗೆ, ಆಮೇಲೆ ಇಳಿಯಿತು, ಮತ್ತೆ ಬಲಗಾಲು, ಮತ್ತೆ ತೂಗುವ ಎಡಗಾಲು, ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ಕೆಟ್ಟ ಕಾಲು ಮೊದಲು, ಆಪರೇಷನ್ ಆದವರಿಗೆ ಇವನೇ ಹೇಳಿಕೊಡೋದು, ಒಳ್ಳೇ ವಿದ್ಯಾರ್ಥಿ, ಕೊನೇ ಎರಡು ಮೆಟ್ಟಿಲಿಗೆ ಬಂದಾಗ ಕಂಬಿ ಬಿಟ್ಟು, ಎದೆ ಸೆಟೆಸಿ, ಹೆಬ್ಬಾಗಿಲಲ್ಲಿ ಹಲ್ಲು ಬಿಟ್ಟ, ಕ್ಲಿಕ್ಕು. ಒಳಗೆ ಅಧ್ಯಕ್ಷರು ನಾಲ್ಕಾಗುವ ಮುಂಚೆಯೇ ಶುರು ಮಾಡಿಯಾಗಿತ್ತು, ನೋಡ್ರಪ್ಪಾ, ಅಂತ ಗಂಟಲಲ್ಲಿ ಗರಗರ ಬೆರೆಸಿಕೊಂಡು, ಪ್ರತಿ ಮಾತಿನ ಬಾಲಕ್ಕೆ ಒಂದು ಏನಂತೀರಿ ಕಟ್ಟಿಕೊಂಡು, ಆಟ ಬೇರೆ, ಪ್ರಚಾರ ಬೇರೆ, ಏನಂತೀರಿ, ಮೊದಲ ಸಾಲಿನಿಂದ ಬೆಳ್ಳಿ ಕೂದಲ ವರದಿಗಾರ್ತಿ ಒಬ್ಬಳು ಎದ್ದು, ನಾನು ಬೇರೇನೇ ಅಂತೀನಿ ಸಾರ್, ಮೂರು ವರ್ಷ ಆಡದವರನ್ನ ತಗೊಂಡಿರೋದು ಆಟಕ್ಕೋ ಪ್ರಚಾರಕ್ಕೋ, ನೇರವಾಗಿ ಹೇಳಿ, ಅಧ್ಯಕ್ಷರು ನಕ್ಕರು, ಮೇಡಂ ಕಡೆ ನೋಡಿದರು, ಮೇಡಂ ಗೋಡೆ ಪಕ್ಕ ನಿಂತಿದ್ದ ಇವನ ಕಡೆ ನೋಡಿದಳು, ನಮ್ಮ ಫಿಸಿಯೋ ಇದಾರೆ, ಅವರನ್ನೇ ಕೇಳಿ, ಮಂಡಿ ನೋಡಿದವರು ಅವರು, ಮೈಕು ಕೈಯಿಂದ ಕೈಗೆ ಬಂತು, ಬಿಸಿಯಾಗಿತ್ತು, ಎಲ್ಲರ ಬೆವರು ಅದರ ಮೇಲೆ, ಹೇಳು, ಬಲ ಅಂತ ಹೇಳು, ಎರಡೇ ಅಕ್ಷರ, ವರದಿಯ ಮೂಲೆಯಲ್ಲಿ ಬರೆದಿದೆ, ಓದು ಸಾಕು, ಕೋಚ್ ತನ್ನ ಉಗುರು ನೋಡಿಕೊಳ್ಳುತ್ತಿದ್ದಾನೆ, ಗಾಳಿ ಇವನನ್ನೇ ನೋಡ್ತಿದ್ದಾನೆ, ಬೇಡುತ್ತಿಲ್ಲ, ಸುಮ್ಮನೆ ನೋಡ್ತಿದ್ದಾನೆ, ಹೊರಗೆ ಸಾಲಿನವರು ಗಾಳೀ ಗಾಳೀ ಅಂತಿರೋದು ಕಿಟಕಿಯಿಂದ ಬರ್ತಿದೆ, ಇವನು ಬಾಯಿ ತೆಗೆದ, ನಾಲಿಗೆ ತಡಕಿತು, ನನ್ನ ದನಿ ಎಲ್ಲಿಟ್ಟಿದ್ದೆ ಅಂತ ಹುಡುಕಿತು, ಸಿಕ್ಕಿದ್ದು — ನೋಡ್ರಪ್ಪಾ, ಗಂಟಲ ಗರಗರ ಸಮೇತ, ಮಂಡಿ ಅಂದ್ರೆ ಮಂಡಿ, ಅಸಾಧಾರಣ, ವರದೀಲೇ ಇದೆ, ಏನಂತೀರಿ. ಹಾಲಿಗೆ ಹಾಲೇ ಬಿದ್ದು ಬಿದ್ದು ನಕ್ಕಿತು, ಅಧ್ಯಕ್ಷರೇ ಮೇಜು ಕುಟ್ಟಿ ನಕ್ಕರು, ಭಲೇ ನಟ ಕಣ್ರೀ ಇವ್ರು, ಬೆಳ್ಳಿ ಕೂದಲಿನವಳು ನಗದೆ ಕೂತು ಏನೋ ಬರೆದುಕೊಂಡಳು, ನಗುವಿನ ನಡುವೆ ಯಾರೋ ಪೆನ್ನು ಕೊಟ್ಟರು, ಸಹಿ ಒಂದೇ ಎಳೆತಕ್ಕೆ ಬಂತು, ಅದಾದರೂ ಇವನದೇ. ಈಗ ಮೈದಾನಕ್ಕೆ, ಚೆಂಡಿನ ಜೊತೆ ಒಂದು ತೆಗೆಯೋಣ, ಬೆಳಕು ಹೋಗುತ್ತೆ, ಬನ್ನಿ ಬನ್ನಿ, ಎಲ್ಲರೂ ಮೆಟ್ಟಿಲಿಗೆ, ಫೋಟೋಗ್ರಾಫರು ಕೆಳಗಿನಿಂದ ಹಿಮ್ಮುಖವಾಗಿ ಇಳಿಯುತ್ತಾ ಕ್ಯಾಮೆರಾ ಮೇಲೆತ್ತಿದ್ದಾನೆ, ಗಾಳಿ ಕಂಬಿ ಹಿಡಿದ, ಕಂಬಿ ಹಿಡೀಬೇಡಿ ಸಾರ್, ವಯಸ್ಸಾದಂಗೆ ಕಾಣುತ್ತೆ, ಗಾಳಿ ಕೈ ಬಿಟ್ಟ, ಹಿಂದೆ ಇವನು, ತೋಳು ಚಾಚಿದರೆ ಸಿಗುವಷ್ಟು ಹಿಂದೆ, ಚಾಚಿದರೆ ಮೊಣಕೈ ಫೋಟೋದಲ್ಲಿ ಬರುತ್ತೆ, ಇಳಿಯುವಾಗ ಕೆಟ್ಟ ಕಾಲು ಮೊದಲು, ಎಡಗಾಲು ಮೆಟ್ಟಿಲ ಅಂಚು ದಾಟಿ ಮುಂದೆ ಬಂತು, ಕೆಳಗಿನ ಮೆಟ್ಟಿಲ ಮೇಲೆ ತೂಗಿತು, ಹೊಸ ಬೂಟು, ಬಿಳೀ ದಾರ, ಬೆರಳು ಬೂಟಿನೊಳಗೇ ನೆಲ ಹುಡುಕುತ್ತಿದೆ, ಇನ್ನೂ ಮುಟ್ಟಿಲ್ಲ, ಹಾಗೇ ಇರಿ ಸಾರ್, ಅಂದ ಕ್ಯಾಮೆರಾದವನು, ಆ ಕಾಲು, ಎಡಗಾಲು, ಮೆಟ್ಟಿಲಿಗೆ ಒಂದು ಗೇಣು ಮೇಲೆ, ಇನ್ನೂ ಮುಟ್ಟಿಲ್ಲ, ಎಡಗಾಲು, ಬಿಳೀ ದಾರ, ಒಂದು ಗೇಣು, ಇನ್ನೂ —