ಒಂದು ಗೇಣು ಸಿಹಿನೀರು

"ಏ ಗೇಣಪ್ಪಾ, ಬೊಗಳೋದು ಬಿಟ್ಟು ಪೈಪ್ ಇಳಿಸೋ, ಬೋಳೀಮಗನೇ!"

ಬಾವಿಕಟ್ಟೆಯ ಮೇಲಿಂದ ಗೆಸ್ಟ್‌ಹೌಸಿನ ಧಣಿ ಕೂಗಿದ. ಸೊಂಟಕ್ಕೆ ಹಗ್ಗ ಬಿಗಿದು ಕೊನೆಯ ಕಲ್ಲುಮೆಟ್ಟಿಲ ಮೇಲೆ ನಿಂತಿದ್ದ ಗೇಣಪ್ಪ ಕತ್ತೆತ್ತಿದ. ಬಾವಿಗಿಳಿದು ಹೂಳೆತ್ತುವುದು, ಗೇಣು ಹಾಕಿ ನೀರು ಅಳೆಯುವುದು ಅವನ ಕೆಲಸ. ಹೆಸರೂ ಅದರಿಂದಲೇ ಅಂಟಿದ್ದು.

"ಧಣೀ, ಸಿಹಿನೀರು ಹಾಲಿನ ಕೆನೆ ಇದ್ದಂಗೆ, ಮೇಲಷ್ಟೇ. ಕೆಳಗೆ ಕೂತಿರೋದು ಸಮುದ್ರ."

ಧಣಿಯ ಪಕ್ಕದಲ್ಲಿ ನಿಂತಿದ್ದ ಇಂಜಿನಿಯರ್ ನಕ್ಕ. "ಎಷ್ಟು ಕ್ಲಾಸು ಓದಿದ್ದೀಯೋ?"

"ಮೂರು."

"ನಾನು ಹದಿನಾರು."

"ಹಂಗಾದ್ರೆ ಹದಿನಾರಡಿ ಇಳಿಸಾಣ ಬಿಡಿ ಸ್ವಾಮಿ."

ಗೆಸ್ಟ್‌ಹೌಸಿಗೆ ನೀರೆಳೆಯುವ ಮೋಟರಿನ ಪೈಪು ಹದಿನಾರಡಿ ಇಳಿಯಿತು. ದ್ವೀಪದ ನಾಲ್ಕು ಬಾವಿಗಳಲ್ಲಿ ಮೂರನ್ನು ವರ್ಷವರ್ಷಕ್ಕೂ ಮೇಲೇರುತ್ತಿದ್ದ ಸಮುದ್ರ ಆಗಲೇ ನುಂಗಿತ್ತು. ಉಳಿದದ್ದು ಕೂಲಿಕೇರಿಯ ಇದೊಂದೇ. ಇಲ್ಲಿ ಬಿಂದಿಗೆ ಮುಳುಗಿಸುವಂತಿಲ್ಲ. ತಗಡಿನ ಡಬ್ಬವನ್ನು ಮಗು ಮಲಗಿಸಿದ ಹಾಗೆ ನೀರ ಮೇಲೆ ಒರಗಿಸಿ, ಮೇಲಿನ ಒಂದು ಗೇಣನ್ನಷ್ಟೇ ತುಂಬಿಕೊಳ್ಳಬೇಕು. ಹೊಸ ಸೊಸೆ ಯಾರಾದರೂ ದಡಕ್ಕನೆ ಮುಳುಗಿಸಿದರೆ, "ನೋಡ್ರೇ, ಸಮುದ್ರಾನೇ ಸೇದ್ಕೊಂಡ್ ಬಂದ್ಲು!" ಎಂದು ಕೇರಿಯೆಲ್ಲ ತಿಂಗಳುಗಟ್ಟಲೆ ಆಡಿಕೊಳ್ಳುತ್ತಿತ್ತು.

ಮೋಟರು ಎಳೆದೆಳೆದು, ವಾರ ಕಳೆಯುವುದರೊಳಗೆ ಮೇಲಿನ ಸಿಹಿಯೂ ಕೆಳಗಿನ ಸಮುದ್ರವೂ ಬೆರೆತು ಬಾವಿಯೆಲ್ಲ ಉಪ್ಪಾಯಿತು.

"ಅಪ್ಪಾ, ಅಡುಗೆಗೆ ಉಪ್ಪು ಹಾಕೋ ಕೆಲಸ ತಪ್ಪಿಸಿದೆ, ಪುಣ್ಯಾತ್ಮ," ಎಂದಳು ಮಗಳು. ಎಂಟು ತಿಂಗಳ ಬಸುರಿ. ಪಾದಗಳೆರಡೂ ಊದಿ, ಒತ್ತಿದರೆ ಬೆರಳಿನ ಗುಳಿ ಹಾಗೇ ನಿಲ್ಲುತ್ತಿತ್ತು. "ನರ್ಸಮ್ಮ ಉಪ್ಪು ಬಿಡು, ಇಲ್ದಿದ್ರೆ ಇಬ್ರೂ ಉಳಿಯಲ್ಲ ಅಂದ್ರು. ಊಟದಲ್ಲಿ ಬಿಟ್ಟೆ. ನೀರಲ್ಲಿ ಹೆಂಗೆ ಬಿಡ್ಲಿ?"

ಗೇಣಪ್ಪ ಗೆಸ್ಟ್‌ಹೌಸಿಗೆ ಹೋಗಿ ಕೈಮುಗಿದ. "ಪೈಪು ಮೇಲೆತ್ತಿಸಿ ಧಣೀ, ಮಗಳು ಬಸುರಿ," ಎಂದ.

"ಬಸುರಾಗೋವಾಗ ನನ್ನ ಕೇಳಿದ್ಲೇನೋ?" ಧಣಿ ಕುರ್ಚಿಯಿಂದ ಏಳಲಿಲ್ಲ. "ನಮ್ಮತ್ರ ಉಪ್ಪು ತೆಗೆಯೋ ಮಶೀನಿದೆ. ನೀವು ಬಾಯಾರಿಕೆ ಕಮ್ಮಿ ಮಾಡ್ಕೊಳ್ಳಿ."

ಅವನ ಬೆನ್ನ ಹಿಂದೆ ಈಜುಕೊಳದಲ್ಲಿ ಅತಿಥಿಯೊಬ್ಬ ಬಾಯ್ತುಂಬ ನೀರು ತುಂಬಿಕೊಂಡು ಕಾರಂಜಿಯ ಹಾಗೆ ಚಿಮ್ಮಿಸುತ್ತಿದ್ದ.

ಮರುದಿನ ಬೆಳಿಗ್ಗೆ, ಎಲ್ಲರೂ ನೋಡುತ್ತಿದ್ದಂತೆಯೇ ಗೇಣಪ್ಪ ಗರಗಸ ಹಿಡಿದು ಬಾವಿಗಿಳಿದ. ನೀರಿಗೆ ಕೈಯಿಟ್ಟು ಒಂದು ಗೇಣು ಅಳೆದ. ಅಲ್ಲಿಗೇ ಪೈಪು ಕೊಯ್ದ. ಕೆಳಗಿನ ತುಂಡು ಗುಳುಗುಳು ಎನ್ನುತ್ತ ಮುಳುಗಿತು.

ಧಣಿ ಚಪ್ಪಲಿಯನ್ನೂ ಮರೆತು ಓಡಿಬಂದ. "ಲೇ ಹಲ್ಕಟ್! ಏನೋ ಮಾಡ್ದೆ?"

"ಕೂಗಬೇಡಿ ಧಣೀ, ನೀರು ಕದಡುತ್ತೆ. ನಿಮ್ಮ ಮೋಟರಿಗೂ ಒಂದು ಗೇಣು ಬಿಟ್ಟಿದ್ದೀನಿ. ನಮ್ಮಂಗೇ ಕುಡೀಲಿ."

"ಮೇಲೆ ಬಾ!"

"ಬರಲ್ಲ. ಹೊಸ ಪೈಪ್ ತಂದ್ರೆ ನನ್ನ ತಲೆ ಮೇಲೇ ಇಳಿಸ್ಬೇಕು."

"ಎಳೀರೋ ಅವನ್ನ!" ಧಣಿಯ ಆಳುಗಳು ಗೇಣಪ್ಪನ ಸೊಂಟದ ಹಗ್ಗಕ್ಕೆ ಕೈಹಾಕಿದರು. ಕೇರಿಯ ಹೆಂಗಸರು ಹಗ್ಗದ ಮೇಲೆಯೇ ಸಾಲಾಗಿ ಕೂತರು. ಮಗಳು ಹೊಟ್ಟೆ ಹಿಡಿದು ನಿಧಾನ ಬಂದು, ಊದಿದ ಪಾದಗಳೆರಡನ್ನೂ ಹಗ್ಗದ ಮೇಲೆ ಊರಿ ನಿಂತಳು. ಆಳುಗಳ ಕೈ ಸಡಿಲವಾಯಿತು.

ಅವಳು ಡಬ್ಬ ಇಳಿಬಿಟ್ಟಳು. ಗೇಣಪ್ಪ ಅದನ್ನು ಅಲೆಯೇಳದಂತೆ ಒರಗಿಸಿ, ತುಂಬಿಸಿ, ಒಂದು ಗುಟುಕು ಬಾಯಿಗೆ ಹಾಕಿಕೊಂಡ.

"ಹೆಂಗಿದೆ ಅಪ್ಪಾ?"

"ನೀ ಮೊದಲ್ನೇ ಸಲ ಅಡುಗೆ ಮಾಡಿದ್ಯಲ್ಲ, ಹಂಗಿದೆ."

ಉಗುಳಿ, ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು, ಮೆಟ್ಟಿಲ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ.

"ನಾಳೆ ಮತ್ತೆ ಕೆನೆ ಕಟ್ಟಿದ್ಯಾ ನೋಡ್ತೀನಿ."