ದ್ಯಾವಮ್ಮನ ತೂಕ ದ್ಯಾವಮ್ಮನದೇ

ಇಸಳೂರಿನ ಹೆಂಗಸರ ಹಗ್ಗಜಗ್ಗಾಟದ ತಂಡದಲ್ಲಿ ಎಲ್ಲರಿಗಿಂತ ಹಿಂದೆ, ಹಗ್ಗದ ತುದಿಯನ್ನು ಬೆನ್ನ ಮೇಲಿಂದ ಹಾಯಿಸಿಕೊಂಡು ನಿಲ್ಲುವವಳು ದ್ಯಾವಮ್ಮ. ಅವಳು ಕಾಲೂರಿದಳೆಂದರೆ ಮುಂದಿನವರಿಗೆಲ್ಲ ಧೈರ್ಯ. ಸಸಿಗಳ ನರ್ಸರಿಯಲ್ಲಿ ಮಣ್ಣಿನ ಚೀಲ ಹೊತ್ತು ಹೊತ್ತು ಗಟ್ಟಿಯಾದ ಮೈ. ಆಳೂ ಎತ್ತರ. "ನಮ್ಮ ದ್ಯಾವಕ್ಕನ್ನ ಅಲ್ಲಾಡ್ಸೂದು ಅಂದ್ರೆ ಮರದ ಬುಡ ಕಿತ್ತಂಗೆ" ಎಂದು ತಂಡದವರು ಹೇಳಿದರೆ ಅವಳು ನಾಚಿಕೊಳ್ಳುತ್ತಿದ್ದಳು. ಒಳಗೊಳಗೇ ಹಿಗ್ಗುತ್ತಲೂ ಇದ್ದಳು.

ಶಿರಸಿಯ ತಾಲ್ಲೂಕು ಪಂದ್ಯ ಹತ್ತಿರ ಬಂದಿತ್ತು. ಒಂದು ಸಂಜೆ ಅಭ್ಯಾಸಕ್ಕೆ ಸೇರಿದಾಗ ತಂಡದ ನಾಯಕಿ ಮಮತಾ ಹೊಸ ಸುದ್ದಿ ತಂದಳು.

"ಒಂದು ಆಪ್ ಸಿಕ್ಕದೆ ಕಣ್ರೆ. ಎಷ್ಟು ನಡದ್ರಿ, ಎಷ್ಟು ಉಣ್ಬೇಕು, ತೂಕ ಸರಿ ಅದ್ಯಾ, ಎಲ್ಲಾ ಹೇಳ್ತದೆ. ಕೊಡಿ ಫೋನು, ಹಾಕ್ಕೊಡ್ತೀನಿ."

ದ್ಯಾವಮ್ಮನೂ ತನ್ನ ಫೋನು ಕೊಟ್ಟಳು.

"ಎತ್ತರ ಎಷ್ಟೇ ಅಕ್ಕ?"

"ಐದಡಿ. ಮೇಲೆ ಎಂತದೋ ಚೂರು ಇತ್ತು ಮಾರಾಯ್ತಿ."

"ತೂಕ?"

"ಎಪ್ಪತ್ತು. ಮೊನ್ನೆ ನರ್ಸರಿ ತಕ್ಕಡಿ ಮೇಲೆ ನಿಂತಿದ್ದೆ."

ಕತ್ತಲಾಗುವುದರೊಳಗೆ ಎಲ್ಲರ ಫೋನೂ ಮುಗಿಯಬೇಕಿತ್ತು. ಆಪ್ ಏನೇನೋ ಪ್ರಶ್ನೆ ಕೇಳಿತು. ಮಮತಾ ಓದಲು ಹೋಗಲಿಲ್ಲ. 'ಒಪ್ಪಿದೆ', 'ಒಪ್ಪಿದೆ' ಎಂದು ಒತ್ತುತ್ತ ಹೋದಳು. ಕೊನೆಗೆ ದ್ಯಾವಮ್ಮನ ಫೋನಿನಲ್ಲಿ ಕೆಂಪು ಬಣ್ಣದ ಒಂದು ಪದ ಮೂಡಿತು: ಬೊಜ್ಜು.

ಅಲ್ಲಿದ್ದವರು ನಕ್ಕರು. ದ್ಯಾವಮ್ಮನೂ ನಕ್ಕಳು. ಆದರೆ ಆ ಪದ ಅವಳ ಬೆನ್ನು ಹತ್ತಿ ಮನೆಯವರೆಗೂ ಬಂತು.

ಮರುದಿನ ಸಿದ್ದಾಪುರದಿಂದ ನಾದಿನಿ ನೇತ್ರಾ ಫೋನು ಮಾಡಿದಳು. "ಅತ್ತಿಗೆ, ಎಪ್ಪತ್ತು ಕೇಜಿ ಅಂತಲ್ಲ ನೀವು! ನಾನೂ ಅದೇ ಆಪ್ ಹಾಕ್ಕಂಡಿದ್ದೆ, ನಿಮ್ಮ ಹೆಸ್ರು, ತೂಕ ಎಲ್ಲಾ ಬಂತು. ಬೊಜ್ಜು ಅಂತ ಬರ್ದದೆ ಅದ್ರಲ್ಲಿ."

ನೇತ್ರಾ ತಮಾಷೆಗೆ ಹೇಳಿದ್ದು. ದ್ಯಾವಮ್ಮನಿಗೆ ಮಾತ್ರ ಬೀದಿಯಲ್ಲಿ ಸೆರಗು ಜಾರಿದಂತಾಯಿತು. ಅದರ ಹಿಂದೆಯೇ ಗುರುತಿಲ್ಲದ ಗಂಡಸೊಬ್ಬನ ಕರೆ ಬಂತು. ತೂಕ ಇಳಿಸುವ ಪುಡಿ ಬೇಕೇ ಮೇಡಂ, ಎಂದು ಹೆಸರು ಹಿಡಿದೇ ಕೇಳಿದ.

ಅಂದಿನಿಂದ ಆಪ್ ಹೇಳಿದಷ್ಟೇ ಊಟ. ಬೆಳಿಗ್ಗೆ ಒಂದು ದೋಸೆ, ಮಧ್ಯಾಹ್ನ ಒಂದು ಹಿಡಿ ಅನ್ನ. ರಾತ್ರಿ ಬರೀ ಮಜ್ಜಿಗೆ. ಗಂಡ ಹೊನ್ನನಿಗೆ ಸಂಕಟವಾಯಿತು.

"ಎಂತ ಆಗದೆ ನಿಂಗೆ? ಮಣ್ಣು ಹೊರೋಳು ಹಿಂಗೆ ಉಂಡ್ರೆ ಹೆಂಗೆ?"

"ಲೆಕ್ಕ ಹಾಕಿ ಹೇಳ್ತದೆ ಅದು. ಸುಳ್ಳು ಹೇಳೂಕೆ ಆ ಯಂತ್ರಕ್ಕೆ ನನ್ ಮೇಲೆ ಎಂತ ಸಿಟ್ಟು?"

ಹೊನ್ನ ಅನ್ನದ ಪಾತ್ರೆಯನ್ನು ಅವಳತ್ತ ಸರಿಸಿದ, ಅವಳು ಮುಚ್ಚಳ ಮುಚ್ಚಿದಳು.

ಒಂದು ವಾರ ಕಳೆದಿರಬಹುದು. ಅಭ್ಯಾಸದ ನಡುವೆ ಹಗ್ಗ ಬಿಗಿಯಾದದ್ದೇ ತಡ, ದ್ಯಾವಮ್ಮನಿಗೆ ಕಣ್ಣು ಕತ್ತಲಿಟ್ಟಿತು. ಅವಳು ಕುಸಿದಳು, ಅವಳ ಜೊತೆಗೇ ಇಡೀ ತಂಡ ಮುಗ್ಗರಿಸಿತು. ನೀರು ಕುಡಿದು ಎದ್ದು ಕೂತ ಮೇಲೆ ಅವಳು ಆಡಿದ್ದು ಒಂದೇ ಮಾತು.

"ನನ್ ಜಾಗಕ್ಕೆ ಬೇರೆ ಯಾರನ್ನಾದ್ರೂ ನಿಲ್ಸು ಮಮತಾ. ಅಷ್ಟು ಜನರ ಎದ್ರಿಗೆ ಈ ಮೈ ಹೊತ್ಕಂಡು ನಿಲ್ಲೂಕೆ ನಂಗೆ ನಾಚ್ಕೆ."

ಮಮತಾ ಅಭ್ಯಾಸವನ್ನು ಅಲ್ಲಿಗೇ ನಿಲ್ಲಿಸಿ ಹೊನ್ನನಿಗೆ ಹೇಳಿಕಳಿಸಿದಳು. ಅವಳು ದ್ಯಾವಮ್ಮನನ್ನೂ ಹೊನ್ನನನ್ನೂ ಕರೆದುಕೊಂಡು ನೇರ ಊರಿನ ಆರೋಗ್ಯ ಕೇಂದ್ರಕ್ಕೆ ನಡೆದಳು. ಅಲ್ಲಿನ ನರ್ಸ್ ಆಫ್ರೀನ್ ಇವರಿಗೆಲ್ಲ ಪರಿಚಯದವಳೇ. ಬಿಪಿ ನೋಡಿದಳು, ಬೆರಳು ಚುಚ್ಚಿ ಸಕ್ಕರೆ ನೋಡಿದಳು. ಏನು ತಿಂದಿದ್ದೆಂದು ಕೇಳಿ ತಿಳಿದು ಹುಬ್ಬು ಗಂಟಿಕ್ಕಿದಳು.

"ಬಿಪಿ, ಶುಗರ್ ಎರಡೂ ಸರಿಯಿದೆ. ತಲೆ ತಿರುಗಿದ್ದು ಹಸಿವಿಗೆ. ಎಲ್ಲಿ, ಆ ಫೋನ್ ಕೊಡಿ."

ಆಪ್ ತೆರೆದು ನೋಡಿ ಆಫ್ರೀನ್ ನಕ್ಕಳು. "ದ್ಯಾವಕ್ಕ, ಈ ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ನಿಂತ್ಕೊಳ್ಳಿ."

ಅಳತೆ ಬಂದದ್ದು ಐದಡಿ ಏಳಿಂಚು. ಆಪ್‌ನಲ್ಲಿ ಇದ್ದದ್ದು ಬರೀ ಐದಡಿ.

ಮಮತಾ ತಲೆಯ ಮೇಲೆ ಕೈ ಹೊತ್ತಳು. "ಅಯ್ಯೋ, ಇಂಚಿನ ಜಾಗ ಖಾಲಿ ಬಿಟ್ಟಿದ್ದು ನಾನೇ!"

"ಯಂತ್ರ ಸುಳ್ಳು ಹೇಳ್ಲಿಲ್ಲ ಅಕ್ಕ," ಎಂದಳು ಆಫ್ರೀನ್. "ಅದು ನಿಮ್ಮನ್ನ ನೋಡೇ ಇಲ್ಲ. ತೂಕ, ಎತ್ತರ ಎರಡನ್ನೂ ಹೋಲಿಸಿ ಒಂದು ಅಂಕಿ ತೆಗೀತದೆ, ಅಷ್ಟೇ. ನಾವು ಗಿಡ್ಡ ಮಾಡಿ ತುಂಬಿದ್ವಿ, ಅದು ಬೊಜ್ಜು ಅಂತು. ಕೆಲಸ ಯಾವುದು ಅಂತ ಕೇಳಿದ ಜಾಗದಲ್ಲಿ ನೋಡಿ, 'ಕುಳಿತು ಮಾಡುವ ಕೆಲಸ' ಅಂತಿದೆ. ಕೂತವರಿಗೆ ಸಾಕಾಗೋ ಊಟ ಮಣ್ಣು ಹೊರೋರಿಗೆ ಸಾಕಾಗ್ತದಾ?"

ಇಂಚು ತುಂಬಿದರು. ಕೆಂಪು ಹೋಗಿ ಹಳದಿ ಬಂತು: ತೂಕ ಸ್ವಲ್ಪ ಹೆಚ್ಚು.

"ಇನ್ನೂ ಹೆಚ್ಚು ಅಂತಾನೇ ಹೇಳ್ತದಲ್ಲೆ?" ದ್ಯಾವಮ್ಮನ ಮುಖ ಮತ್ತೆ ಬಾಡಿತು.

"ಹೇಳ್ತದೆ. ಆದ್ರೆ ದುಡಿದು ಬೆಳೆದ ಮಾಂಸ ಯಾವುದು, ಕೊಬ್ಬು ಯಾವುದು ಅಂತ ಆ ಅಂಕಿಗೆ ಗೊತ್ತಾಗೋದಿಲ್ಲ. ಅದಕ್ಕೇ ಇದನ್ನೂ ನೋಡೋದು." ಆಫ್ರೀನ್ ಟೇಪು ತಂದು ಹೊಟ್ಟೆಯ ಸುತ್ತಳತೆ ನೋಡಿದಳು. "ಹೆಂಗಸರಿಗೆ ಎಂಬತ್ತು ಸೆಂಟಿಮೀಟರ್ ದಾಟಬಾರದು ಅಂತೀವಿ. ನಿಮ್ಮದು ಅದರೊಳಗೇ ಇದೆ. ವರ್ಷಕ್ಕೊಮ್ಮೆ ಬಂದು ತಪಾಸಣೆ ಮಾಡಿಸ್ಕೊಳ್ಳಿ. ಇದು ದುಡಿದ ಮೈ ಅಕ್ಕ, ನಾಚಿಕೆ ಎಂತಕ್ಕೆ?"

ದ್ಯಾವಮ್ಮ ಸೆರಗು ಸರಿಮಾಡಿಕೊಂಡಳು. ಆಮೇಲೆ ಕೇಳಿದಳು. "ಅದು ಹೋಗ್ಲಿ. ಸಿದ್ದಾಪುರದ ನೇತ್ರಾಂಗೆ ನನ್ ತೂಕ ಹೆಂಗೆ ಗೊತ್ತಾಯ್ತು? ತೂಕ ಇಳ್ಸೋ ಪುಡಿ ಮಾರೋನೊಬ್ಬ ನನ್ ಹೆಸ್ರು ಹಿಡ್ದೇ ಫೋನು ಮಾಡಿದ್ದು ಹೆಂಗೆ?"

ಆಫ್ರೀನ್ ಒಂದೊಂದೇ ಪುಟ ತೆರೆದು ಓದಿ ಹೇಳಿದಳು. ಫೋನಿನಲ್ಲಿದ್ದ ಎಲ್ಲರ ನಂಬರನ್ನೂ ನೋಡಲು ಆಪ್‌ಗೆ ಒಪ್ಪಿಗೆ ಕೊಟ್ಟಾಗಿತ್ತು. ಆ ನಂಬರಿನವರು ಇದೇ ಆಪ್ ಹಾಕಿಕೊಂಡಿದ್ದರೆ ಅವರಿಗೆ ತೂಕ ಕಾಣಲಿ ಎಂದಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ, ಮಾಹಿತಿಯನ್ನು ಬೇರೆ ಕಂಪನಿಗಳಿಗೂ ಕೊಡಬಹುದು ಎಂಬುದಕ್ಕೂ ಒಪ್ಪಿಗೆ ಬಿದ್ದಿತ್ತು.

"ಪುಡಿ ಮಾರೋನಿಗೆ ನಿಮ್ಮ ನಂಬರು ಇಲ್ಲಿಂದಲೇ ಹೋಯ್ತು ಅಂತ ನಾನು ಹೇಳಲಾರೆ. ಬಾಗಿಲಂತೂ ನಾವೇ ತೆಗೆದಿಟ್ಟಿದ್ವಿ."

"ಈ ಕ್ಷಣವೇ ತೆಗೆದು ಬಿಸಾಕು ಅದನ್ನ!" ಎಂದ ಹೊನ್ನ.

"ಬರೀ ಆಪ್ ತೆಗೆದ್ರೆ ಸಾಲದು ಅಣ್ಣ. ಕೊಟ್ಟ ಮಾಹಿತಿ ಕಂಪನಿಯ ಕಂಪ್ಯೂಟರಲ್ಲಿ ಉಳೀಬಹುದು. ಬೇಡ ಅಂದ್ರೆ ಮೊದಲು ಒಳಗೆ ಹೋಗಿ 'ಖಾತೆ ಅಳಿಸಿ' ಅಂತ ಕೊಟ್ಟು, ಆಮೇಲೆ ಆಪ್ ತೆಗೀಬೇಕು. ಇಟ್ಕೊಳ್ಳೋದಾದ್ರೆ ಹಂಚೋದನ್ನ ಬಂದ್ ಮಾಡಿ ಇಟ್ಕೊಳ್ಳಿ. ಅದು ದ್ಯಾವಕ್ಕ ಹೇಳ್ಬೇಕು."

ದ್ಯಾವಮ್ಮ ಫೋನು ಕೈಗೆ ತೆಗೆದುಕೊಂಡಳು. "ನಡೆದ ಲೆಕ್ಕ ನಂಗೆ ಬೇಕು. ಉಳಿದಿದ್ದು ಊರಿಗೆ ಬ್ಯಾಡ. ತೋರ್ಸು, ನಾನೇ ಒತ್ತೀನಿ." ನಂಬರು ನೋಡುವ ಒಪ್ಪಿಗೆ, ತೂಕ ತೋರಿಸುವ ಒಪ್ಪಿಗೆ, ಕಂಪನಿಗಳಿಗೆ ಕೊಡುವ ಒಪ್ಪಿಗೆ, ಎಲ್ಲವನ್ನೂ ತನ್ನ ಬೆರಳಿನಿಂದಲೇ ಮುಚ್ಚಿದಳು. ಹೊನ್ನ ಮೆಲ್ಲಗೆ ತನ್ನ ಫೋನನ್ನೂ ಮುಂದೆ ಚಾಚಿದ. "ಇದ್ರಲ್ಲೂ ಎಂತೆಂತ ತೆಕ್ಕಂಡದೋ, ಒಂಚೂರು ನೋಡೇ."

ಅಂದು ರಾತ್ರಿ ದ್ಯಾವಮ್ಮ ಹೊಟ್ಟೆ ತುಂಬ ಉಂಡಳು.

ಪಂದ್ಯದ ದಿನ ಶಿರಸಿಯ ಮೈದಾನದಲ್ಲಿ ಜನವೋ ಜನ. ಕೊನೆಯ ಆಟ ಹುಲಗೋಳದ ತಂಡದ ಮೇಲೆ. ದ್ಯಾವಮ್ಮ ಹಿಮ್ಮಡಿಯನ್ನು ಮಣ್ಣಿಗೆ ಊರಿ ಹಿಂದಕ್ಕೆ ವಾಲಿದಳು. ಹಗ್ಗ ಅತ್ತ ಸರಿಯಿತು, ಇತ್ತ ಸರಿಯಿತು. "ಹಿಡೀರೇ, ನಾನಿದೀನಿ!" ಎಂದು ಕೂಗಿದಳು. ಗೆರೆ ದಾಟಿ ಬಂದದ್ದು ಹುಲಗೋಳದವರು, ಗೆದ್ದದ್ದು ಇಸಳೂರು.

ಸಿದ್ದಾಪುರದಿಂದ ಬಂದಿದ್ದ ನೇತ್ರಾ ಓಡಿಬಂದು ಅತ್ತಿಗೆಯನ್ನು ತಬ್ಬಿಕೊಂಡಳು. ಮೈಕ್ ಹಿಡಿದಿದ್ದವನು ನಗುತ್ತ ಕೇಳಿದ. "ಅಮ್ಮಾ, ಎಂಥ ಶಕ್ತಿ ನಿಮ್ಮದು! ತೂಕ ಎಷ್ಟು, ಹೇಳಬಹುದಾ?"

ಮೈದಾನ ನಕ್ಕಿತು. ದ್ಯಾವಮ್ಮ ಮೈಕನ್ನು ತನ್ನತ್ತ ಎಳೆದುಕೊಂಡಳು.

"ಎಪ್ಪತ್ತು! ಈಗ ನಾನೇ ಹೇಳ್ತಿದೀನಿ, ಎಲ್ಲಾರೂ ಕೇಳ್ಕಳಿ!"

ಈ ಸಲ ಇಸಳೂರಿನವರ ಜೊತೆ ಹುಲಗೋಳದ ಹೆಂಗಸರೂ ಚಪ್ಪಾಳೆ ತಟ್ಟಿದರು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಫೋನಿನಲ್ಲೂ ಇಂಥ ಆಪ್ ಇರಬಹುದು. ಇವತ್ತೇ ತೆರೆದು ನೋಡಿ. ತುಂಬಿದ ಎತ್ತರ, ತೂಕ, ವಯಸ್ಸು ಸರಿಯಿದೆಯೇ? ನಿಮ್ಮ ಮಾಹಿತಿ ಯಾರಿಗೆಲ್ಲ ಕಾಣುತ್ತಿದೆ? ಓದದೆ 'ಒಪ್ಪಿದೆ' ಒತ್ತಬೇಡಿ, ತಿಳಿಯದಿದ್ದರೆ ತಿಳಿದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಆಪ್ ಹೇಳಿತೆಂದು ಊಟ ಬಿಡುವ ಮುಂಚೆ, ಔಷಧಿ ಪುಡಿ ಕೊಳ್ಳುವ ಮುಂಚೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ಕೇಳಿ. ಮೈ ನಿಮ್ಮದು, ಅದರ ಅಳತೆಯೂ ನಿಮ್ಮದೇ. ಅದನ್ನು ಯಾರಿಗೆ ಹೇಳಬೇಕು, ಯಾರಿಗೆ ಬೇಡ ಎಂಬ ಮಾತು ನಿಮ್ಮ ಬಾಯಿಂದಲೇ ಬರಲಿ.